ಮಾನವ-ಗಣಕ ಸಂವಹನದ ಆನ್‌ಲೈನ್ ಕೋರ್ಸ್: ಎರಡು ವರ್ಷಗಳ ಬಳಕೆಯ ನಂತರ

ಮಲ್ಟಿಮೀಡಿಯಾ ತಂತ್ರಾಂಶಗಳ ಇಂಟರ್‌ಫೇಸ್ (ಬಳಕೆದಾರರು ನೋಡಿ ಮುಟ್ಟಿ ಬಳಸುವ ಭಾಗ) ವಿನ್ಯಾಸವನ್ನು ಕ್ರಮವಾಗಿ ಕಲಿಯಲೆಂದು ಈ ಕೋರ್ಸಿಗೆ ಸೇರಿದ್ದೆ. ಪ್ರಮಾಣಪತ್ರ ಕೈಸೇರಿದ ಮೇಲೂ ಕೆಲಸದ ನಡುವೆ ಇದರ ಪಾಠಗಳನ್ನು ತೆರೆದು ನೋಡುತ್ತಿರುತ್ತೇನೆ. 1968ರಲ್ಲಿ ಅಮೆರಿಕದ ಸಂಶೋಧಕ ಡಗ್ಲಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೌಸ್ ಪ್ರದರ್ಶಿಸಿದ್ದು ಮೊದಲಾದ ಚರಿತ್ರೆಯನ್ನು ಒಂದೇ ಪಾಠದಲ್ಲಿ ಮುಗಿಸಿದ್ದಾರೆ, ಅಷ್ಟು ಸಾಕು.

ಕೋರ್ಸಿನ ನಿಜವಾದ ಬೆಲೆಯಿರುವುದು ಫಿಟ್ಸ್ ನಿಯಮದ ಪಾಠದಲ್ಲಿ. ಗುರಿ ದೂರವಾದಷ್ಟೂ ಕಿರಿದಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಸಮಯ ಬೇಕೆಂಬ, 1954ರಲ್ಲಿ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ ಮಂಡಿಸಿದ ಈ ಸೂತ್ರವನ್ನು ಫೋನಿನ ವಿಡಿಯೊ ಪ್ಲೇಯರಿಗೆ ಅನ್ವಯಿಸಿ ತೋರಿಸುತ್ತಾರೆ. ಒಂದು ಗಂಟೆಯ ವಿಡಿಯೊಗೆ ಹಿಂದೆ ಮುಂದೆ ಹೋಗಲು ಎಳೆಯುವ ಪಟ್ಟಿ ಆರು ಸೆಂಟಿಮೀಟರ್ ಉದ್ದವಿದ್ದರೆ ಒಂದೊಂದು ಮಿಲಿಮೀಟರಿಗೂ ಒಂದು ನಿಮಿಷ ಬರುತ್ತದೆ. ಹೆಬ್ಬೆರಳಿನ ತುದಿಯೇ ಹಲವು ನಿಮಿಷಗಳನ್ನು ಮುಚ್ಚಿಬಿಡುವುದರಿಂದ, ಬೇಕಾದ ದೃಶ್ಯದ ಕಿರುಚಿತ್ರವನ್ನು ಬೆರಳಿಗಿಂತ ಮೇಲೆ, ಪರದೆಯಲ್ಲಿ ತೋರಿಸುವುದೂ ಎರಡು ಸಲ ತಟ್ಟಿದರೆ ಹತ್ತು ಸೆಕೆಂಡು ಹಿಂದೆ ಮುಂದೆ ಹೋಗುವಂತೆ ಮಾಡುವುದೂ ಅಲಂಕಾರವಲ್ಲ, ಅಗತ್ಯ. ಪ್ರತಿಕ್ರಿಯೆ 0.1 ಸೆಕೆಂಡಿನೊಳಗೆ ಬಂದರೆ ತಕ್ಷಣವೆನಿಸುತ್ತದೆ, ಒಂದು ಸೆಕೆಂಡು ದಾಟಿದರೆ ಯೋಚನೆಯ ಓಟ ತಡೆಯುತ್ತದೆ, ಹತ್ತು ದಾಟಿದರೆ ಗಮನ ಬೇರೆಡೆಗೆ ಹೋಗುತ್ತದೆ ಎಂಬ ಬಳಕೆಯ ಸುಲಭತೆಯ ತಜ್ಞ ಯಾಕೋಬ್ ನೀಲ್ಸನ್‌ರ ಮಿತಿಗಳನ್ನೂ ಇದೇ ಪಟ್ಟಿಯನ್ನು ಎಳೆಯುವಾಗಿನ ವಿಳಂಬದ ಮೂಲಕ ಮನಗಾಣಿಸುತ್ತಾರೆ.

ಸಬ್‌ಟೈಟಲ್ ಪಾಠ ಮಾತ್ರ ನಿರಾಶೆ ತರಿಸಿತು. ಅಕ್ಷರ ಮತ್ತು ಹಿನ್ನೆಲೆಗಳ ಕಾಂಟ್ರಾಸ್ಟ್ ಅನುಪಾತ (ಹೊಳಪಿನ ವ್ಯತ್ಯಾಸದ ಅಳತೆ) ಕನಿಷ್ಠ 4.5:1 ಇರಬೇಕೆಂದು, ಅಂಗವಿಕಲರಿಗೂ ವೆಬ್ ಬಳಸಲು ಸಾಧ್ಯವಾಗಲೆಂದು ರೂಪಿಸಿದ ಡಬ್ಲ್ಯುಸಿಎಜಿ ಮಾರ್ಗಸೂಚಿಯನ್ನು ಉಲ್ಲೇಖಿಸುತ್ತಾರೆ, ಆದರೆ ಉದಾಹರಣೆಗಳೆಲ್ಲ ನಿಶ್ಚಲ ಪುಟಗಳವು. ಬಿಳಿ ಅಕ್ಷರದ ಹಿಂದೆ ದೃಶ್ಯ ಬದಲಾಗಿ ಬಿಳಿ ಮೋಡ ಬಂದಾಗ ಏನಾಗುತ್ತದೆಂಬ ಚರ್ಚೆಯೇ ಇಲ್ಲ. ಕನ್ನಡದ ಮಟ್ಟಿಗೆ ತೊಡಕು ಇನ್ನೊಂದಿದೆ: ಇಂಗ್ಲಿಷಿಗೆ ಹೇಳಿದ ಸಾಲಿನ ಅಂತರವನ್ನೇ ಇಟ್ಟು ಎರಡು ಸಾಲಿನ ಸಬ್‌ಟೈಟಲ್ ಮಾಡಿ ನೋಡಿದೆ, ಮೇಲಿನ ಸಾಲಿನ ‘ರಾಷ್ಟ್ರ’ದ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗಿದವು. ಭಾರತದ ವಿದ್ಯಾರ್ಥಿಗಳಿಗೆಂದೇ ಪ್ರಚಾರ ಮಾಡುವ ಕೋರ್ಸಿನಲ್ಲಿ ಭಾರತೀಯ ಲಿಪಿಯ ಒಂದು ಮಾದರಿಯೂ ಇಲ್ಲದಿರುವುದನ್ನು ಸಣ್ಣ ಲೋಪವೆನ್ನಲಾರೆ.

ಅಸೈನ್‌ಮೆಂಟ್‌ಗಳನ್ನು ಸಹಪಾಠಿಗಳೇ ತಿದ್ದುವುದರಿಂದ ‘ಚೆನ್ನಾಗಿದೆ’ ಎಂಬುದರಾಚೆ ಹೆಚ್ಚೇನೂ ಸಿಗುವುದಿಲ್ಲ. ಬಳಕೆದಾರರನ್ನು ಎದುರು ಕೂರಿಸಿಕೊಂಡು, ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಿಸುತ್ತ ಪರೀಕ್ಷಿಸುವ ಅಭ್ಯಾಸವನ್ನಂತೂ ಬಿಡದೆ ಮಾಡಿ. ಅಂಕಗಳಿಗಿಂತ ಅದು ಹೆಚ್ಚು ಕಲಿಸುತ್ತದೆ. ಪ್ರೋಗ್ರಾಮಿಂಗ್ ಬಲ್ಲ, ವಿನ್ಯಾಸಕ್ಕೆ ಹೊಸಬರಾದವರು ಸೇರಬಹುದು. ಈಗಾಗಲೇ ವಿಡಿಯೊ ಆ್ಯಪ್‌ಗಳನ್ನು ವಿನ್ಯಾಸ ಮಾಡುತ್ತಿರುವವರಿಗೆ ಮೊದಲರ್ಧದ ಪಾಠಗಳಷ್ಟೇ ಸಾಕು, ಪೂರ್ಣ ಶುಲ್ಕ ದುಬಾರಿಯೇ.