ರ‍್ಯಾಮ್ ಹೆಚ್ಚಿಸುವುದೋ, ಎಸ್‌ಎಸ್‌ಡಿ ಹಾಕಿಸುವುದೋ?

ರಾಯಚೂರಿನ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಲ್ಯಾಪ್‌ಟಾಪ್ ನಿಧಾನವಾದರೆ ಮೊದಲು ಫ್ಯಾನಿನ ಧೂಳನ್ನು ತೆಗೆಸಬೇಕು, ಏಕೆಂದರೆ ಬಿಸಿಯೇರಿದ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅನಂತರ ಎಂದಿನ ಕೆಲಸ ನಡೆಯುತ್ತಿರುವಾಗಲೇ ಮೆಮೊರಿ, ಡಿಸ್ಕ್ ಎಷ್ಟು ಬಳಕೆಯಾಗುತ್ತಿವೆ ಎಂದು ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಬೇಕು.

ಮೆಮೊರಿ (ಅಂದರೆ ರ‍್ಯಾಮ್, ತೆರೆದಿರುವ ಕೆಲಸಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ) ಇನ್ನೂ ಉಳಿದಿರುವಾಗಲೂ ಡಿಸ್ಕ್ ಬಳಕೆ ಸದಾ 100% ತೋರಿಸುತ್ತಿದ್ದು, ಯಂತ್ರ ಆನ್ ಆಗಲು ನಿಮಿಷಗಟ್ಟಲೆ ಹಿಡಿದರೆ, ಅಡ್ಡಿಯಾಗಿರುವುದು ಬಹುಮಟ್ಟಿಗೆ ಹಳೆಯ ಹಾರ್ಡ್ ಡಿಸ್ಕ್. ಅದು ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ, ಅದರ ಜಾಗದಲ್ಲೇ ಕೂರುವ, ಚಿಪ್‌ಗಳಲ್ಲಿ ಮಾಹಿತಿ ಇಡುವ ಸಾಟಾ ಬಗೆಯ ಎಸ್‌ಎಸ್‌ಡಿ 500 ಎಂಬಿಯಷ್ಟು ಓದುತ್ತದೆ. ಚದುರಿದ ಸಣ್ಣ ಫೈಲುಗಳಲ್ಲಂತೂ ಅಂತರ ಇನ್ನೂ ದೊಡ್ಡದು. ಹಾರ್ಡ್ ಡಿಸ್ಕ್ ಉಳ್ಳವರಿಗೆ ಎಸ್‌ಎಸ್‌ಡಿ ಹಾಕಿಸುವುದೇ ನನ್ನ ಮೊದಲ ಸಲಹೆ.

ಹತ್ತಾರು ಟ್ಯಾಬ್ ತೆರೆದಾಗ ಮಾತ್ರ ತಡವರಿಸುವ 4 ಜಿಬಿ ಯಂತ್ರಕ್ಕೆ ರ‍್ಯಾಮ್ ಅನ್ನು 8 ಜಿಬಿಗೆ ಏರಿಸುವುದು ಸೂಕ್ತ. ಆದರೆ ಹಳೆಯ ಪೀಳಿಗೆಯ ಡಿಡಿಆರ್3 ರ‍್ಯಾಮ್‌ನ ಸ್ಲಾಟಿನಲ್ಲಿ ಅದರ ಮುಂದಿನ ಪೀಳಿಗೆಯ ಡಿಡಿಆರ್4 ಕೂರುವುದಿಲ್ಲ. ಹಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುವುದರಿಂದ ಅದನ್ನು ಬದಲಿಸಲಾಗದು.