ಮನೆಗೇ ಬಂದು ಇಂಜೆಕ್ಷನ್ ಕೊಡುವ ಸೇವೆ: 10 ದಿನ ನೋಡಿದ ಮೇಲೆ 5ಕ್ಕೆ 3

ಅಪ್ಪನಿಗೆ ಟೈಫಾಯಿಡ್ ಆಗಿತ್ತು. ಮೈಸೂರಿನಲ್ಲಿ 4 ದಿನ ಆಸ್ಪತ್ರೆಯಲ್ಲಿದ್ದರು. ಆಮೇಲೆ ಡಾಕ್ಟರ್ "ಊಟ ಸೇರ್ತಿದೆ, ಬಿಪಿ ಚೆನ್ನಾಗಿದೆ, ಇನ್ನು 10 ದಿನ ದಿನಕ್ಕೊಂದು ಇಂಜೆಕ್ಷನ್ ಅಷ್ಟೇ, ಬೇಕಾದರೆ ಮನೇಲೇ ಹಾಕಿಸ್ಕೊಳ್ಳಿ" ಅಂದರು. ಇಂಜೆಕ್ಷನ್ ಸೆಫ್ಟ್ರಿಯಾಕ್ಸೋನ್ ಅನ್ನೋ ಆಂಟಿಬಯಾಟಿಕ್. ಹಾಗೆಂದರೆ ಗೊತ್ತಾಗದವರಿಗೆ ಮೊನೊಸೆಫ್ ಅಂದರೆ ಗೊತ್ತಾಗಬಹುದು. ದಿನಕ್ಕೆ 2 ಗ್ರಾಂ, 100 ಎಂಎಲ್ ಸಲೈನ್‌ಗೆ ಸೇರಿಸಿ ಅರ್ಧ ಗಂಟೆ ಡ್ರಿಪ್ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದುಕೊಟ್ಟರು.

ದಿನಾ ಆಟೋದಲ್ಲಿ ಅಪ್ಪನನ್ನು ಕೂರಿಸಿಕೊಂಡು ಹೋಗಿ ಬರೋದು ಆಗದ ಮಾತು. ಫೋನಿನಲ್ಲಿ ಬುಕ್ ಮಾಡಿದರೆ ನರ್ಸ್ ಮನೆಗೇ ಬರುವ ಸೇವೆ ಸಿಕ್ಕಿತು. ಒಂದು ಸಲಕ್ಕೆ 450 ರೂಪಾಯಿ, ಔಷಧಿ ನಮ್ಮದೇ. ಸಂಸ್ಥೆಯ ಹೆಸರು ಬರೆಯುವುದಿಲ್ಲ. ನನಗೆ ಜಗಳ ಬೇಕಾಗಿಲ್ಲ, ಇಂಥ ಸೇವೆ ಬುಕ್ ಮಾಡೋರಿಗೆ ಏನು ನೋಡಬೇಕು ಅಂತ ಗೊತ್ತಾದರೆ ಸಾಕು.

10 ದಿನದಲ್ಲಿ 7 ದಿನ ಒಬ್ಬರು ಸಿಸ್ಟರ್ ಬಂದರು, 3 ದಿನ ಬೇರೆ ಬ್ರದರ್ ಬಂದರು. ನಾನು ಕೊಡುತ್ತಿರುವ 3 ಸ್ಟಾರ್ ಸಿಸ್ಟರ್‌ಗೆ ಸೇರಿದ್ದು, ಕಡಿಮೆ ಮಾಡಿದ 2 ಸಂಸ್ಥೆಯ ಲೆಕ್ಕಕ್ಕೆ.

ಸಿಸ್ಟರ್ ಮೊದಲ ದಿನ ಬಂದವರೇ ಬ್ಯಾಗು ಬಿಚ್ಚಲಿಲ್ಲ. ಡಿಸ್ಚಾರ್ಜ್ ಚೀಟಿ ಕೇಳಿದರು, ಓದಿದರು. ಆಮೇಲೆ ಅಪ್ಪನ ಹತ್ತಿರ ಕೂತು "ಅಪ್ಪಾಜಿ, ಪೆನ್ಸಿಲಿನ್ ಆಗಲಿ ಬೇರೆ ಯಾವ್ದಾದ್ರೂ ಮಾತ್ರೆ ಆಗಲಿ, ತಗೊಂಡು ಮೈಯೆಲ್ಲ ದದ್ದು ಎದ್ದಿದ್ದು ಇದ್ಯಾ? ರಕ್ತ ತೆಳು ಮಾಡೋ ಮಾತ್ರೆ ಏನಾದ್ರೂ ನುಂಗ್ತೀರಾ?" ಎಂದು ಕೇಳಿದರು. ಪೆನ್ಸಿಲಿನ್ ಆಗದವರೆಲ್ಲರಿಗೂ ಇದೂ ಆಗೋದಿಲ್ಲ ಅಂತೇನಿಲ್ಲ, ಹಾಗಾಗೋದು ಕಡಿಮೆಯೇ. ಆದರೆ ಪೆನ್ಸಿಲಿನ್‌ಗೆ ಒಮ್ಮೆ ಉಸಿರು ಕಟ್ಟಿದಂತೆ ಆಗಿದ್ದರೆ ಡಾಕ್ಟರಿಗೆ ಹೇಳದೆ ಹಾಕಿಸಿಕೊಳ್ಳಬಾರದು. ವಾರ್ಫರಿನ್ ತಗೊಳ್ಳೋರಿಗೆ ರಕ್ತ ಇನ್ನೂ ತೆಳುವಾಗಬಹುದು, ಅದಕ್ಕೇ ಆ ಪ್ರಶ್ನೆ. "ಮೊದಲ್ನೇ ಡೋಸ್ ಆಸ್ಪತ್ರೇಲೇ ಆಗಿದೆ ಅಲ್ವಾ? ಆಗಿರದಿದ್ರೆ ನಾನು ಮನೇಲಿ ಹಾಕ್ತಿರ್ಲಿಲ್ಲ" ಅಂತಲೂ ಅಂದರು. ನನಗೆ ಆಗಲೇ ಧೈರ್ಯ ಬಂತು.

ನಾನು ಸುಮ್ನೆ ಇರಲಾಗದೆ "ಟೆಸ್ಟ್ ಡೋಸ್ ಕೊಟ್ಟಿದ್ರು, ಏನೂ ಆಗ್ಲಿಲ್ಲ" ಎಂದೆ. ಅದಕ್ಕೆ ಅವರು, ಚರ್ಮಕ್ಕೆ ಚೂರು ಕೊಟ್ಟು ನೋಡಿದ್ದು ಚೆನ್ನಾಗಿದ್ದರೂ ಆಮೇಲೆ ಅಲರ್ಜಿ ಆಗೋದೇ ಇಲ್ಲ ಅಂತ ಯಾರೂ ಬರೆದುಕೊಡಲ್ಲ, ಐದನೇ ಡೋಸ್‌ಗೂ ಆಗಬಹುದು ಅಂದರು. ಅದಕ್ಕೇ ಡ್ರಿಪ್ ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಕೂತಿರುತ್ತಿದ್ದರು. ಜೋರು ರಿಯಾಕ್ಷನ್ ಬರೋದಿದ್ದರೆ ಹೆಚ್ಚಾಗಿ ಅಷ್ಟರೊಳಗೇ ಬರುತ್ತದೆ: ಮೈ ತುರಿಕೆ, ತುಟಿ ಊದೋದು, ಎದೆ ಬಿಗಿಯೋದು, ಬಿಪಿ ಇಳಿದು ಕಣ್ಣು ಕತ್ತಲೆ ಬರೋದು. ಅವರ ಬ್ಯಾಗಿನಲ್ಲಿ ಅಡ್ರಿನಲಿನ್ ಇಂಜೆಕ್ಷನ್ ಇತ್ತು, ತೆಗೆದು ಟೀಪಾಯಿ ಮೇಲಿಟ್ಟೇ ಕೆಲಸ ಶುರು ಮಾಡೋರು. ಅಂಥ ಹೊತ್ತಿಗೆ ಮೊದಲು ಬೇಕಾಗೋದು ಅದೇ, ತೊಡೆಯ ಹೊರಭಾಗದ ಮಾಂಸಖಂಡಕ್ಕೆ. ಅಲರ್ಜಿ ಮಾತ್ರೆಯೋ ಸ್ಟೀರಾಯ್ಡೋ ಆಮೇಲಿನ ಮಾತು.

ಈಗ ಬ್ರದರ್ ಕಥೆ. ನಾಲ್ಕನೇ ದಿನ ಸಿಸ್ಟರ್‌ಗೆ ರಜೆ. ಬಂದ ಹುಡುಗ ಒಳ್ಳೆಯವನೇ, ಸೂಜಿ ಹಿಡಿಯೋ ಕೈ ಸಿಸ್ಟರ್‌ಗಿಂತ ಹಗುರ, ಅಪ್ಪನೇ ಹೊಗಳಿದರು. ಆದರೆ ಬಂದ ನಿಮಿಷದಿಂದ ಫೋನು ನೋಡುತ್ತಿದ್ದ, ಮುಂದಿನ ಮನೆ ಕಾಯುತ್ತಿದೆ ಅಂತ. ಅಪ್ಪ ಅವತ್ತು ಸುಸ್ತಾಗಿದ್ದರು, ಎರಡು ತುತ್ತು ಗಂಜಿ ಬಿಟ್ಟರೆ ಏನೂ ತಿಂದಿರಲಿಲ್ಲ. ಇವನು ಬ್ಯಾಗಿನಿಂದ ಆರ್‌ಎಲ್ ಬಾಟಲಿ ತೆಗೆದು "ಅಂಕಲ್‌ಗೆ ಸುಸ್ತಿದೆ ಅಲ್ವಾ ಸರ್, ಇದಕ್ಕೇ ಇಂಜೆಕ್ಷನ್ ಸೇರಿಸಿ ಹಾಕ್ಬಿಡ್ತೀನಿ, ಎರಡೂ ಕೆಲಸ ಒಂದೇ ಸಲ ಆಗುತ್ತೆ" ಅಂದ. ಹಿಂದಿನ ದಿನ ತಾನೇ ಸಿಸ್ಟರ್ ಡಬ್ಬಿಯೊಳಗಿನ ಚೀಟಿ ತೋರಿಸಿ ಹೇಳಿದ್ದು ನೆನಪಿತ್ತು: ಈ ಔಷಧಿ ಕ್ಯಾಲ್ಸಿಯಂ ಜೊತೆ ಸೇರಬಾರದು. ಆರ್‌ಎಲ್‌ನಲ್ಲಿ, ಅಂದರೆ ರಿಂಗರ್ ಲ್ಯಾಕ್ಟೇಟ್‌ನಲ್ಲಿ, ಕ್ಯಾಲ್ಸಿಯಂ ಇರುತ್ತದೆ. ಎರಡೂ ಸೇರಿದರೆ ಕರಗದ ಕಣ ಕಟ್ಟುತ್ತದೆ. ಆಗ ತಾನೇ ಹುಟ್ಟಿದ ಮಕ್ಕಳಲ್ಲಿ ಆ ಕಣಗಳು ಶ್ವಾಸಕೋಶ, ಮೂತ್ರಪಿಂಡದಲ್ಲಿ ಕೂತು ಜೀವವೇ ಹೋಗಿರುವುದು ವರದಿಯಾಗಿದೆ, ಅದಕ್ಕೇ 28 ದಿನದೊಳಗಿನ ಕೂಸಿಗೆ ಕ್ಯಾಲ್ಸಿಯಂ ಇರುವ ಡ್ರಿಪ್ ನಡೆಯುತ್ತಿದ್ದರೆ ಇದನ್ನು ಕೊಡುವಂತೆಯೇ ಇಲ್ಲ. ದೊಡ್ಡವರಿಗೆ ಒಂದಾದ ಮೇಲೊಂದು, ನಡುವೆ ಸಲೈನ್‌ನಿಂದ ಪೈಪು ತೊಳೆದು ಕೊಡಬಹುದು. ಬೆರೆಸೋದು ಮಾತ್ರ ಯಾರಿಗೂ ಇಲ್ಲ.

ನಾನು "ಬೇಡಪ್ಪ, ಚೀಟೀಲಿ ಸಲೈನ್ ಅಂತಿದೆ, ಅದರಲ್ಲೇ ಹಾಕಿ" ಎಂದೆ. ಹಾಕಿದ, ವಾದ ಮಾಡಲಿಲ್ಲ. ಆದರೆ ಅರ್ಧ ಗಂಟೆಯ ಡ್ರಿಪ್ಪನ್ನು ಜೋರಾಗಿ ಬಿಟ್ಟು ಹತ್ತು ನಿಮಿಷಕ್ಕೆ ಮುಗಿಸಿ, ಇನ್ನೆರಡು ನಿಮಿಷಕ್ಕೆ ಗೇಟಿನ ಹೊರಗಿದ್ದ. ಅಡ್ರಿನಲಿನ್ ಇದೆಯಾ ಅಂತ ಮೊದಲೇ ಕೇಳಿದ್ದೆ. "ಅದೆಲ್ಲ ಆಸ್ಪತ್ರೇಲಿ ಸರ್" ಅಂದಿದ್ದ. ಹೋಗುವಾಗ ಸೂಜಿಗೆ ಕ್ಯಾಪ್ ಹಾಕಿ ನಮ್ಮ ಅಡಿಗೆಮನೆ ಡಸ್ಟ್‌ಬಿನ್‌ಗೇ ಹಾಕಿದ್ದ. ಬೆಳಿಗ್ಗೆ ಕಸ ತಗೊಳ್ಳೋರ ಕೈಗೆ ಚುಚ್ಚಿದರೆ ಗತಿಯೇನು? ಸಿಸ್ಟರ್ ಹತ್ತಿರ ಬಿಳಿ ಗಟ್ಟಿ ಡಬ್ಬಿ ಇರುತ್ತಿತ್ತು, ಸೂಜಿ ಅದಕ್ಕೆ, ಉಳಿದದ್ದು ಬೇರೆ ಚೀಲಕ್ಕೆ, ಎಲ್ಲ ವಾಪಸ್ ಒಯ್ಯೋರು. ಒಂದೇ ಕಂಪನಿ, ಒಂದೇ ಟೀ ಶರ್ಟ್, ಒಂದೇ 450 ರೂಪಾಯಿ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗ ಗೊತ್ತಾಯ್ತು, ಅವರ ಲೆಕ್ಕದಲ್ಲಿ ಒಂದು ಭೇಟಿಗೆ 20 ನಿಮಿಷ. ಡ್ರಿಪ್ಪೇ 30 ನಿಮಿಷ! ಹುಡುಗನ ಮೇಲಿದ್ದ ಸಿಟ್ಟು ಅರ್ಧ ಅಲ್ಲೇ ಇಳಿಯಿತು. ಭೇಟಿಗಿಷ್ಟು ಅಂತ ದುಡ್ಡು ಕೊಟ್ಟರೆ ಭೇಟಿ ಜಾಸ್ತಿ ಮಾಡ್ತಾರೆ, ಕೂತಿರಲ್ಲ. ಬುಕ್ ಮಾಡುವ ಮೊದಲು ನಾನು ಕೇಳಬೇಕಿದ್ದ ಪ್ರಶ್ನೆ ಅದೊಂದೇ: ಇಂಜೆಕ್ಷನ್ ಆದ ಮೇಲೆ ಎಷ್ಟು ಹೊತ್ತು ಇರ್ತೀರಿ?

ಔಷಧಿಯ ಬಗ್ಗೆಯೂ ಒಂದೆರಡು ಮಾತು. ಶುರುವಾದ ಐದನೇ ದಿನಕ್ಕೂ ಸಂಜೆ ಜ್ವರ ಏರುತ್ತಿತ್ತು, ಅಮ್ಮ ಗಾಬರಿಯಾಗಿ "ಪವರ್ ಸಾಲ್ತಿಲ್ಲ, ಬೇರೆ ಬರೆಸ್ಕೊಂಡು ಬಾ" ಅಂದರು. ಟೈಫಾಯಿಡ್‌ನಲ್ಲಿ ಸರಿಯಾದ ಔಷಧಿ ಕೊಟ್ಟರೂ ಜ್ವರ ಇಳಿಯಲು 4ರಿಂದ 6 ದಿನ ಹಿಡಿಯುತ್ತದೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಆರನೇ ದಿನ ಇಳಿಯಿತು. ಏಳೆಂಟನೇ ದಿನ ಹೊಟ್ಟೆ ಸಡಿಲ ಆಯ್ತು, ಅಮ್ಮ ಮನೇಲಿದ್ದ ಭೇದಿ ನಿಲ್ಲಿಸೋ ಮಾತ್ರೆ ಕೊಡಲು ಹೊರಟಿದ್ದರು, ತಡೆದು ಫೋನ್ ಮಾಡಿದೆವು. ನಮ್ಮದು ತಾನಾಗೇ ನಿಂತಿತು. ಆದರೆ ನೀರಿನ ಹಾಗೆ ಪದೇ ಪದೇ ಆಗುತ್ತಿದ್ದರೆ, ರಕ್ತ ಕಂಡರೆ, ಹೊಟ್ಟೆ ಹಿಂಡಿದರೆ ಡಾಕ್ಟರಿಗೆ ತಿಳಿಸಲೇಬೇಕು. ಆಂಟಿಬಯಾಟಿಕ್‌ನಿಂದ ಕರುಳಿನಲ್ಲಿ ಕೆಟ್ಟ ಸೋಂಕು ಎದ್ದಿರಬಹುದು, ಅದು ಕೋರ್ಸ್ ಮುಗಿದು ಕೆಲವು ವಾರದ ಮೇಲೂ ಬರಬಹುದು. ಕೆಲವರಿಗೆ ಪಿತ್ತಕೋಶದಲ್ಲಿ ಕೆಸರಿನ ಹಾಗೆ ಕೂರುತ್ತದಂತೆ, ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಹೋಗುತ್ತದೆ. ಇನ್ನೊಂದು, ಇದನ್ನೇ ಸೊಂಟಕ್ಕೆ ಕೊಡುವಾಗ ನೋವು ಕಡಿಮೆಯಾಗಲಿ ಅಂತ ಲಿಗ್ನೋಕೇನ್ ಅನ್ನೋ ಮರಗಟ್ಟಿಸೋ ಔಷಧಿಯಲ್ಲಿ ಕರಗಿಸುತ್ತಾರೆ. ಹಾಗೆ ಕರಗಿಸಿದ್ದನ್ನು ನರಕ್ಕೆ ಕೊಡಲೇಬಾರದು. ಡ್ರಿಪ್‌ಗೆ ಅಂತ ಕೈಯ ನರದಲ್ಲಿ ಇಟ್ಟಿರುವ ಸಣ್ಣ ಕೊಳವೆ, ಅಂದರೆ ಕ್ಯಾನುಲಾ, ಅದರ ಸುತ್ತ ಕೆಂಪಾಗಿ ಬಿಸಿಯಾದರೆ "ನಾಳೆ ನೋಡೋಣ" ಅನ್ನಬೇಡಿ, ಅವತ್ತೇ ತೆಗೆಸಿ.

ಪೂರ್ತಿ 5 ಸ್ಟಾರ್ ಕೊಡೋದಿದ್ದರೆ ನಮ್ಮ ಬೀದಿಯ ಮೆಡಿಕಲ್ ಶಾಪಿನವರಿಗೆ. ಚೀಟಿ ಇಲ್ಲದೆ ಒಂದು ವೈಯಲ್ ಕೊಡಲಿಲ್ಲ, ಬೇರೆ ಪುಸ್ತಕದಲ್ಲಿ ಡಾಕ್ಟರ್ ಹೆಸರು, ಅಪ್ಪನ ಹೆಸರು, ಎಷ್ಟು ಕೊಟ್ಟೆ ಎಲ್ಲ ಬರೆದುಕೊಂಡರು. ಇದು ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್1 ಪಟ್ಟಿಯ ಔಷಧಿ, 2014ರ ಮಾರ್ಚ್‌ನಿಂದ ಹಾಗೆ ಬರೆದು 3 ವರ್ಷ ಇಟ್ಟುಕೊಳ್ಳಬೇಕು ಅನ್ನೋದು ಕಾನೂನು. ಹೀಗೆ ಬರೆಯೋ ಅಂಗಡಿ ನಾನು ನೋಡಿದ್ದು ಇದೇ ಮೊದಲು. ಒಂದು ವೈಯಲ್ ಒಡೆದರೆ ಇರಲಿ ಅಂತ ಎರಡು ಹೆಚ್ಚು ತಂದಿದ್ದೆ, ಉಳಿಯಿತು. ಪಕ್ಕದ್ಮನೆ ಆಂಟಿ "ನಮ್ಮ ಹುಡುಗನಿಗೂ ಎರಡು ದಿನದಿಂದ ಜ್ವರ, ಕೊಡಿ, ಒಂದು ಹಾಕಿಸ್ಬಿಡ್ತೀನಿ" ಎಂದು ಕೇಳಿದರು. ಕೊಡಲಿಲ್ಲ, ಸ್ವಲ್ಪ ಮುನಿಸೂ ಆಯ್ತು. ಅಪ್ಪನಿಗೆ ಬ್ಲಡ್ ಕಲ್ಚರ್ ಮಾಡಿಸಿ ರೋಗಾಣು ಯಾವುದು ಅಂತ ತಿಳಿದ ಮೇಲೆ ಕೊಟ್ಟ ಔಷಧಿ ಅದು. ವೈರಲ್ ಜ್ವರಕ್ಕೆ ಅದರಿಂದ ಏನೂ ಆಗಲ್ಲ. ಪಾಕಿಸ್ತಾನದ ಸಿಂಧ್‌ನಲ್ಲಿ 2016ರಿಂದ ಈ ಇಂಜೆಕ್ಷನ್ನಿಗೂ ಬಗ್ಗದ ಟೈಫಾಯಿಡ್ ಹಬ್ಬಿದೆ. ಕಂಡ ಕಂಡ ಜ್ವರಕ್ಕೆಲ್ಲ ಚುಚ್ಚಿಸಿಕೊಂಡರೆ ನಮಗೂ ಆ ದಿನ ದೂರ ಇರಲ್ಲ.

ಕೊನೆಯ ದಿನ ಸಿಸ್ಟರ್ 40 ನಿಮಿಷ ತಡವಾಗಿ ಬಂದರು, ಹಿಂದಿನ ಮನೆಯಲ್ಲಿ ಒಬ್ಬ ಅಜ್ಜಿಗೆ ಡ್ರಿಪ್ ಮುಗಿದ ಮೇಲೆ ತುರಿಕೆ ಶುರುವಾಗಿತ್ತಂತೆ, ಕಡಿಮೆಯಾಗೋವರೆಗೆ ಕೂತಿದ್ದರಂತೆ. ಕ್ಯಾನುಲಾ ತೆಗೆದು, ಹತ್ತಿ ಒತ್ತಿ ಹಿಡಿದು, ಅಮ್ಮ ಕೊಟ್ಟ ಕಾಫಿ ಕುಡಿದು ಹೊರಟರು. ಸಂಜೆ ಕಂಪನಿಯಿಂದ ಮೆಸೇಜ್ ಬಂತು, ಐದು ಪ್ರಶ್ನೆ. ನಗುನಗುತ್ತಾ ಮಾತಾಡಿದರಾ, ಯೂನಿಫಾರ್ಮ್ ಹಾಕಿದ್ದರಾ, ಹೀಗೆ. ಇಂಜೆಕ್ಷನ್ ಆದ ಮೇಲೆ ಕೂತಿದ್ದರಾ ಅಂತ ಒಂದರಲ್ಲೂ ಇಲ್ಲ. ಮೊದಲ ಪ್ರಶ್ನೆ, ನರ್ಸ್ ಸಮಯಕ್ಕೆ ಸರಿಯಾಗಿ ಬಂದರಾ? ಹೌದು ಅಂತ ಒತ್ತಿದೆ. ಸುಳ್ಳೇ.