ಹಳೇ ಪ್ರೀತಿ, ಮಾತು ಬಿಟ್ಟ ಗೆಳೆತನ: ಇದರ ಇಂಗ್ಲಿಷ್ ಕಲಿಯಲು ಯಾವ ಜಾಲತಾಣ ಸರಿ?

'ಎಕ್ಸ್' ಅಂದರೇನು ಎಂದು ತಿಳಿಯಲು ಯಾರಿಗೂ ನಿಘಂಟು ಬೇಡ. ಬೇಕಾಗುವುದು ಅದರ ಮುಂದಿನ ಮಾತಿಗೆ: ಬಿಟ್ಟವರು ಯಾರು, ಸಂಬಂಧ ಎಷ್ಟು ಗಟ್ಟಿಯಾಗಿತ್ತು, ಈಗಲೂ ಮಾತುಕತೆ ಉಂಟೋ ಇಲ್ಲವೋ. ಇಂಗ್ಲಿಷಿನವರು ಇದನ್ನೆಲ್ಲ ಎರಡು ಮೂರು ಪದಗಳಲ್ಲಿ ಮುಗಿಸಿಬಿಡುತ್ತಾರೆ. ಈ ಒಂದು ಕೆಲಸಕ್ಕೆ ಎಷ್ಟು ಒದಗುತ್ತವೆ ಎಂದು ಕೇಂಬ್ರಿಜ್ ಡಿಕ್ಷನರಿ, ಯೂಗ್ಲಿಷ್, ಮೆರಿಯಂ-ವೆಬ್‌ಸ್ಟರ್, ಅರ್ಬನ್ ಡಿಕ್ಷನರಿ, ಈ ನಾಲ್ಕನ್ನು ಇಲ್ಲಿ ನೋಡಿದ್ದೇವೆ. ನಾಲ್ಕನ್ನೂ ದುಡ್ಡು ಕೊಡದೆ ಬಳಸಬಹುದು.

ಮೊದಲ ಮಣೆ ಕೇಂಬ್ರಿಜ್‌ಗೆ. ಅರ್ಥವನ್ನು ಸುಲಭದ ಇಂಗ್ಲಿಷಿನಲ್ಲಿ ಬರೆದಿರುತ್ತದೆ, ಬಹಳಷ್ಟು ಪದಗಳಿಗೆ ಎ1ರಿಂದ (ಈಗಷ್ಟೇ ಕಲಿಯತೊಡಗಿದವರು) ಸಿ2ವರೆಗಿನ (ಪಳಗಿದವರು) ಕಲಿಕೆಯ ಮಟ್ಟ ಸೂಚಿಸಿರುತ್ತದೆ, ಸಲಿಗೆಯ ಮಾತಾದರೆ 'ಇನ್‌ಫಾರ್ಮಲ್' ಎಂಬ ಗುರುತೂ ಇರುತ್ತದೆ. ಹುಡುಕುವಾಗ ಬರೀ 'ಬ್ರೇಕ್' ಎಂದು ಕೊಟ್ಟರೆ ಲೋಟ ಒಡೆಯುವುದರಿಂದ ಹಿಡಿದು ಎಲ್ಲ ಅರ್ಥಗಳನ್ನೂ ದಾಟಿ ಹೋಗಬೇಕು. 'ಬ್ರೇಕ್ ಅಪ್' ಎಂದು ಇಡೀ ನುಡಿಗಟ್ಟನ್ನೇ ಕೊಡಿ, ಅದೂ ಭೂತಕಾಲದ ರೂಪದಲ್ಲಲ್ಲ, ಮೂಲ ರೂಪದಲ್ಲಿ.

ಉದಾಹರಣೆ ವಾಕ್ಯಗಳನ್ನು ಅವಸರದಲ್ಲಿ ದಾಟಬೇಡಿ, ಸೂಕ್ಷ್ಮವೆಲ್ಲ ಅಲ್ಲೇ ಇದೆ. 'ವಿ ಬ್ರೋಕ್ ಅಪ್' ಎಂದರೆ ಯಾರ ಮೇಲೂ ಬೊಟ್ಟು ಮಾಡಿದ ಹಾಗಲ್ಲ. 'ಶಿ ಬ್ರೋಕ್ ಅಪ್ ವಿತ್ ಹಿಮ್' ಎಂದರೆ ತೀರ್ಮಾನ ಅವಳದು. 'ಶಿ ಡಂಪ್ಡ್ ಹಿಮ್' ಎಂದರೆ ತೀರ್ಮಾನ ಅವಳದೇ, ಮೇಲೆ ಕೈಕೊಟ್ಟಳೆಂಬ ಕಹಿ ಬೇರೆ. ಕನ್ನಡದವರು ಎಡವುವ ಜಾಗ ಆ 'ವಿತ್'. 'ಅವನನ್ನು ಬಿಟ್ಟಳು' ಎಂಬ ದ್ವಿತೀಯಾ ವಿಭಕ್ತಿ ತಲೆಯಲ್ಲಿರುವುದರಿಂದ 'ಬ್ರೋಕ್ ಅಪ್ ಹಿಮ್' ಎಂದು ಬಾಯಿಗೆ ಬರುತ್ತದೆ. ಇನ್ನೊಂದು ಎಡವಟ್ಟು, 'ಬ್ರೇಕಪ್ ಆಯ್ತು' ಎಂಬ ನಮ್ಮದೇ ಮಾತನ್ನು 'ಮೈ ಬ್ರೇಕಪ್ ಹ್ಯಾಪನ್ಡ್' ಎಂದು ತಿರುಗಿಸುವುದು. ಇಂಗ್ಲಿಷಿನಲ್ಲಿ ಅದಕ್ಕೆ 'ವಿ ಬ್ರೋಕ್ ಅಪ್' ಸಾಕು. 'ಪ್ರೀತಿಸುತ್ತಿದ್ದೆ' ಎನ್ನಲು 'ಐ ವಾಸ್ ಲವಿಂಗ್ ಹರ್' ಕೂಡ ಹಾಗೆಯೇ ಹುಟ್ಟಿದ್ದು. ಸರಿಯಾದದ್ದು 'ಐ ವಾಸ್ ಇನ್ ಲವ್ ವಿತ್ ಹರ್'. ಆದರೆ 'ವಿ ವರ್ ಸೀಯಿಂಗ್ ಈಚ್ ಅದರ್' ಎನ್ನುವುದರಲ್ಲಿ ತಪ್ಪೇನಿಲ್ಲ. ಮದುವೆಯ ಮಾತಿನವರೆಗೆ ಹೋಗದ ಓಡಾಟಕ್ಕೆ ಅದೇ ಸಹಜ ಮಾತು.

ಕೇಂಬ್ರಿಜ್‌ನ ಕೊರತೆ ಎಂದರೆ, ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ಕೇಳದೆ ಎಚ್ಚರಿಸುವುದಿಲ್ಲ. 'ಓಲ್ಡ್ ಫ್ರೆಂಡ್' ಎಂದರೆ ಬಹುಕಾಲದಿಂದ ಪರಿಚಯವಿದ್ದು ಈಗಲೂ ಗೆಳೆಯರಾಗಿರುವವರು. 'ಓಲ್ಡ್ ಗರ್ಲ್‌ಫ್ರೆಂಡ್' ಎಂದರೆ ಸಾಮಾನ್ಯವಾಗಿ ಈಗ ಗೆಳತಿಯಲ್ಲದವಳು. 'ಓಲ್ಡ್ ಫ್ಲೇಮ್' ಕೂಡ ಹಳೇ ಪ್ರೀತಿಯೇ, ಆದರೆ ಅದರಲ್ಲಿ ಸ್ವಲ್ಪ ಮಮತೆ ಉಳಿದಿರುತ್ತದೆ. ಕೈಕೊಟ್ಟು ಹೋದವರ ಬಗ್ಗೆ ಬಳಸಿದರೆ ಕೇಳುಗರು ತಬ್ಬಿಬ್ಬಾಗುತ್ತಾರೆ. ಕಳಚಿದ ಗೆಳೆತನಕ್ಕೆ ಕಾರಣ ನೋಡಿ ಪದ ಆರಿಸಬೇಕು: ಜಗಳವಾಡಿ ಮಾತು ಬಿಟ್ಟಿದ್ದರೆ 'ಫೆಲ್ ಔಟ್', ಜಗಳವಿಲ್ಲದೆ ತಾನಾಗಿ ದೂರವಾಗಿದ್ದರೆ 'ಡ್ರಿಫ್ಟೆಡ್ ಅಪಾರ್ಟ್', ಬರೀ ಸಂಪರ್ಕ ತಪ್ಪಿದ್ದರೆ 'ಲಾಸ್ಟ್ ಟಚ್'. ಮೂರಕ್ಕೂ 'ಎಕ್ಸ್-ಫ್ರೆಂಡ್' ಎಂದುಬಿಟ್ಟರೆ ಏನೋ ಹಗೆ ಇದೆ ಎಂದೇ ಅನ್ನಿಸುತ್ತದೆ.

ಅರ್ಥ ಗೊತ್ತಾದ ಮೇಲೆ ಯೂಗ್ಲಿಷ್‌ಗೆ ಹೋಗಿ. ನೀವು ಟೈಪ್ ಮಾಡಿದ ಮಾತನ್ನು ಯಾರಾದರೂ ಆಡಿರುವ ಯೂಟ್ಯೂಬ್ ವಿಡಿಯೋವನ್ನು ಅದೇ ಜಾಗದಿಂದ ಶುರುಮಾಡಿ ತೋರಿಸುತ್ತದೆ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಎಂದು ಉಚ್ಚಾರಣೆ ಆರಿಸಿಕೊಳ್ಳಬಹುದು, ವೇಗ ತಗ್ಗಿಸಬಹುದು. ಇಲ್ಲಿ ಕೇಂಬ್ರಿಜ್‌ಗೆ ತದ್ವಿರುದ್ಧ: ಬಳಸಬೇಕಾದ ರೂಪವನ್ನೇ ಕೊಡಬೇಕು. 'ಫೆಲ್ ಔಟ್' ಎಂದಷ್ಟೇ ಕೊಟ್ಟರೆ ಕೂದಲು ಉದುರಿದ್ದು, ಹಲ್ಲು ಬಿದ್ದದ್ದು ಎಲ್ಲ ನುಗ್ಗುತ್ತವೆ. 'ಫೆಲ್ ಔಟ್ ವಿತ್' ಎಂದು ಕೊಟ್ಟರೆ ಹೆಚ್ಚಾಗಿ ಜಗಳಗಳೇ ಸಿಗುತ್ತವೆ. ಒತ್ತು ಎಲ್ಲಿ ಬೀಳುತ್ತದೆ ಎಂಬುದನ್ನು ಗಮನಿಸಿ. 'ಔಟ್' ಗಟ್ಟಿಯಾಗಿ ಕೇಳಿಸುತ್ತದೆ, 'ವಿತ್' ನುಂಗಿದ ಹಾಗಿರುತ್ತದೆ. ಕಿವಿಗೆ ಬೀಳದ್ದನ್ನು ಬಾಯಿ ಬಿಟ್ಟುಬಿಡುತ್ತದೆ, 'ವಿತ್' ತಪ್ಪುವುದಕ್ಕೆ ಇದೂ ಒಂದು ಕಾರಣ. ಯೂಗ್ಲಿಷ್ ಅರ್ಥ ಹೇಳಿಕೊಡುವುದಿಲ್ಲ, ಹಾಗಾಗಿ ಇದೊಂದನ್ನೇ ನಂಬಿ ಕೂರುವಂತಿಲ್ಲ.

ಮೆರಿಯಂ-ವೆಬ್‌ಸ್ಟರ್ ಅಮೆರಿಕನ್ ಬಳಕೆಗೆ ಒಳ್ಳೆಯದು, ಕಲಿಯುವವರಿಗೆ ಭಾಷೆ ತುಸು ಭಾರ. ಸದ್ದಿಲ್ಲದೆ ಸಂಪರ್ಕ ಕಡಿದುಕೊಳ್ಳುವ 'ಘೋಸ್ಟ್' ಕ್ರಿಯಾಪದವನ್ನು ಅದು 2017ರಲ್ಲಿ ಸೇರಿಸಿತು. ಗೆಳೆತನಕ್ಕೂ ಈ ಮಾತು ಸಲ್ಲುತ್ತದೆ. ಆದರೆ ವರ್ಷಗಟ್ಟಲೆ ನಿಧಾನವಾಗಿ ಕಡಿಮೆಯಾದ ಒಡನಾಟಕ್ಕೆ ಬಳಸಿದರೆ ಸುಮ್ಮನೆ ಆರೋಪ ಹೊರಿಸಿದಂತೆ.

ಅರ್ಬನ್ ಡಿಕ್ಷನರಿ 1999ರಲ್ಲಿ ಆ್ಯರನ್ ಪೆಕಮ್ ಶುರುಮಾಡಿದ್ದು. ಯಾರು ಬೇಕಾದರೂ ಅರ್ಥ ಬರೆಯಬಹುದು, ಓದುಗರು ಮತ ಹಾಕುತ್ತಾರೆ. ಮತ ಬೀಳುವುದು ಎಷ್ಟೋ ಸಲ ನಗು ಬಂದದ್ದಕ್ಕೇ ಹೊರತು ಸರಿಯಿದ್ದದ್ದಕ್ಕಲ್ಲ. ಪೋಲಿ ಬರಹವೂ ಧಾರಾಳ, ಮಕ್ಕಳ ಕೈಗೆ ಬೇಡ. ಒಂದು ಮಾತಿಗೆ ಬೇರೆ ಅರ್ಥ ಅಂಟಿಕೊಂಡಿದೆಯೇ ಎಂದು ಪರೀಕ್ಷಿಸಲು ಮಾತ್ರ ಇದನ್ನು ತೆರೆಯಿರಿ. 'ಹುಕ್ ಅಪ್' ಇದಕ್ಕೆ ಸರಿಯಾದ ಉದಾಹರಣೆ: ಭೇಟಿಯಾದೆವು ಎಂಬ ಅರ್ಥವೂ ಇದೆ, ಆದರೆ ಇವತ್ತಿನ ಹುಡುಗರ ಕಿವಿಗೆ ಬೀಳುವುದು ಹಾಸಿಗೆಯ ಅರ್ಥ. ಹಳೇ ಗೆಳತಿಯನ್ನು ಕಾಫಿಗೆ ಕಂಡೆ ಎನ್ನಲು 'ಮೆಟ್ ಅಪ್ ವಿತ್' ಎನ್ನುವುದೇ ಕ್ಷೇಮ.

ನಾಲ್ಕೂ ಸರಿಯಾಗಿ ಹೇಳಿಕೊಡದ ಒಂದು ವಿಷಯವಿದೆ, ಯಾವ ಮಾತನ್ನು ಆಡುವ ಹಕ್ಕು ಯಾರದು ಎಂಬುದು. 'ಇಟ್ಸ್ ವಾಟರ್ ಅಂಡರ್ ದಿ ಬ್ರಿಜ್', ಅಂದರೆ ಆದದ್ದಾಯಿತು ಬಿಡು, ಎನ್ನುವುದು ನೊಂದವರ ಬಾಯಲ್ಲಿ ಚೆನ್ನ. ನೋಯಿಸಿದವರೇ ಹೇಳಿದರೆ ಉಡಾಫೆ. ಅವರು 'ನೋ ಹಾರ್ಡ್ ಫೀಲಿಂಗ್ಸ್?', ಅಂದರೆ ಮನಸ್ಸಿನಲ್ಲಿ ಬೇಸರವಿಲ್ಲ ತಾನೇ, ಎಂದು ಪ್ರಶ್ನೆಯ ಧಾಟಿಯಲ್ಲಿ ಕೇಳಬಹುದು, ಅದೂ 'ಸಾರಿ' ಹೇಳಿದ ಮೇಲೆ.